ಪಾದ ಮತ್ತು ಆ್ಯಂಕಲ್ ಸರ್ಜನ್ ಆಗುವುದು ಹೇಗೆ: ಚಪ್ಪಲಿ ಬಿಚ್ಚಿಸುವುದರಿಂದ ಶುರು ಮಾಡಿ

ಯಾವುದಾದರೂ ಆರ್ಥೋ, ಅಂದರೆ ಮೂಳೆ ವಿಭಾಗದ ಒಪಿಡಿಯಲ್ಲಿ ಅರ್ಧ ದಿನ ಕೂತು ನೋಡಿ. ಮಂಡಿ ನೋವು ಅಂತ ಬಂದವರ ಪ್ಯಾಂಟು ಮೇಲೇರುತ್ತದೆ. ಭುಜ ನೋವು ಅಂದವರ ಅಂಗಿ ಬಿಚ್ಚಿಸುತ್ತಾರೆ. ಪಾದ ನೋವು ಅಂದವರು ಮಾತ್ರ ಎಷ್ಟೋ ಸಲ ಚಪ್ಪಲಿ ಹಾಕಿಕೊಂಡೇ ಕೂತಿರುತ್ತಾರೆ. ಒಂದು ಎಕ್ಸ್‌ರೇ, ನಾಲ್ಕು ಮಾತ್ರೆ, ಆಯ್ತು. ಈ ಕೆಲಸಕ್ಕೆ ಬರಬೇಕು ಅಂತ ಕೇಳುವ ಹುಡುಗ ಹುಡುಗಿಯರಿಗೆ ನಾನು ಮೊದಲು ಹೇಳುವುದು ಇದನ್ನೇ: ಚಪ್ಪಲಿ ಬಿಚ್ಚಿಸಿ, ಎರಡೂ ಕಾಲು ನೋಡಿ, ನಿಲ್ಲಿಸಿ ನೋಡಿ, ನಡೆಸಿ ನೋಡಿ. ಇದನ್ನು ದಿನಾ ಮಾಡುವ ತಾಳ್ಮೆ ಇದ್ದರೆ ಮುಂದಿನ ದಾರಿ ಹೇಳುತ್ತೇನೆ.

ದಾರಿ ಉದ್ದ ಇದೆ. ನಮ್ಮ ದೇಶದಲ್ಲಿ ಪಾದದ ಸರ್ಜರಿಗೆ ಒಂದೇ ಒಂದು ನೇರ ರಸ್ತೆ ಅಂತಿಲ್ಲ. ಮೊದಲು ಮೂಳೆ ಸರ್ಜನ್ ಆಗಬೇಕು, ಆಮೇಲೆ ಪಾದವನ್ನು ಆರಿಸಿಕೊಳ್ಳಬೇಕು.

ಎಂಬಿಬಿಎಸ್ ತನಕ

ಇದು ಎಲ್ಲರಿಗೂ ಗೊತ್ತಿರುವ ಭಾಗ, ಬೇಗ ಮುಗಿಸುತ್ತೇನೆ. ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ. ಆಮೇಲೆ ನೀಟ್, 720 ಅಂಕದ ಪರೀಕ್ಷೆ. ಕರ್ನಾಟಕದ ಸೀಟುಗಳಿಗೆ ಕೆಇಎ ಕೌನ್ಸೆಲಿಂಗ್. ಎಂಬಿಬಿಎಸ್ ನಾಲ್ಕೂವರೆ ವರ್ಷ, ಮೇಲೊಂದು ವರ್ಷ ಇಂಟರ್ನ್‌ಶಿಪ್. ಸರ್ಕಾರಿ ಸೀಟಿನಲ್ಲಿ ಓದಿದವರಿಗೆ ಗ್ರಾಮೀಣ ಸೇವೆಯ ನಿಯಮವೂ ಇದೆ. ಅದು ಆಗಾಗ ಬದಲಾಗುತ್ತದೆ. ಸೀನಿಯರ್ ಹೇಳಿದ್ದನ್ನು ನಂಬಿ ಕೂರಬೇಡಿ, ಆ ವರ್ಷದ ಆದೇಶ ನೀವೇ ಓದಿ.

ಎಂಬಿಬಿಎಸ್‌ನಲ್ಲಿ ಒಂದು ಕೆಲಸ ಮಾತ್ರ ತಪ್ಪದೆ ಮಾಡಿ. ಅನಾಟಮಿಯಲ್ಲಿ ಅಂಗಾಲಿನ ಪಾಠ ಸಾಮಾನ್ಯವಾಗಿ ಕೊನೆಗೆ ಬರುತ್ತದೆ, ಅಷ್ಟರಲ್ಲಿ ಎಲ್ಲರೂ ಸುಸ್ತಾಗಿರುತ್ತಾರೆ. ನೀವು ಬಿಡಬೇಡಿ. ಒಂದು ಪಾದದಲ್ಲಿ 26 ಮೂಳೆ. ಎರಡೂ ಸೇರಿ 52, ಅಂದರೆ ಮೈಯಲ್ಲಿರುವ 206ರಲ್ಲಿ ಕಾಲು ಭಾಗ ಪಾದದಲ್ಲೇ ಇದೆ. ಅಂಗಾಲಿನಲ್ಲಿ ಸ್ನಾಯುಗಳು ನಾಲ್ಕು ಪದರ. ಆ ಪದರಗಳನ್ನು ಒಂದು ಸಲ ಕೈಯಾರೆ ಬಿಡಿಸಿ ನೋಡಿದವರಿಗೆ ಮುಂದೆ ಕೀವು ಎಲ್ಲಿಂದ ಎಲ್ಲಿಗೆ ಹರಿಯುತ್ತದೆ ಅನ್ನುವುದು ಪುಸ್ತಕ ನೋಡದೆ ಗೊತ್ತಾಗುತ್ತದೆ. ಇಂಟರ್ನ್‌ಶಿಪ್‌ನಲ್ಲಿ ಡ್ರೆಸಿಂಗ್ ರೂಮಿನ ಡ್ಯೂಟಿ ಬಂದರೆ ಯಾರಿಗೂ ಬದಲಿ ಕೊಡಬೇಡಿ. ಯಾವ ಗಾಯ ಮಾಯುತ್ತಿದೆ, ಯಾವುದು ಕೊಳೆಯುತ್ತಿದೆ ಅಂತ ಮೂಗು ಮತ್ತು ಕಣ್ಣು ಕಲಿಯುವುದು ಅಲ್ಲೇ.

ಪಿಜಿ ಸೀಟು ಆರಿಸುವಾಗ ಕೇಳಬೇಕಾದ್ದು

ನೀಟ್ ಪಿಜಿ ಬರೆದು ಎಂಎಸ್ ಆರ್ಥೋ ಅಥವಾ ಡಿಎನ್‌ಬಿ (ರಾಷ್ಟ್ರೀಯ ಪರೀಕ್ಷಾ ಮಂಡಳಿ ಕೊಡುವ ಡಿಗ್ರಿ) ಆರ್ಥೋ. ಎರಡೂ ಮೂರು ವರ್ಷ. ಡಿಎನ್‌ಬಿ ಅಂದರೆ ಮೂಗು ಮುರಿಯುವವರು ಇನ್ನೂ ಇದ್ದಾರೆ. ನನ್ನ ಮಟ್ಟಿಗೆ ಡಿಗ್ರಿಯ ಹೆಸರಿಗಿಂತ ನಿಮ್ಮ ಕೈಗೆ ಎಷ್ಟು ಕೆಲಸ ಸಿಗುತ್ತದೆ ಅನ್ನುವುದೇ ಮುಖ್ಯ. ಬೆಂಗಳೂರಿನ ವಿಕ್ಟೋರಿಯಾ, ಸಂಜಯ್ ಗಾಂಧಿ ಟ್ರಾಮಾ ಸಂಸ್ಥೆ, ಮೈಸೂರಿನ ಕೆ.ಆರ್. ಆಸ್ಪತ್ರೆ, ಹುಬ್ಬಳ್ಳಿಯ ಕೆಎಂಸಿಆರ್‌ಐ (ಹಳೆಯ ಕಿಮ್ಸ್), ಇಂಥ ಕಡೆ ಅಪಘಾತದ ಕೇಸುಗಳು ಜಾಸ್ತಿ. ಮಣಿಪಾಲದಂಥ ಕಡೆ ಬೇರೆ ಥರದ ಅನುಕೂಲ ಇರುತ್ತದೆ.

ಕೌನ್ಸೆಲಿಂಗ್‌ಗೆ ಮುಂಚೆ ಆ ಕಾಲೇಜಿನ ಎರಡನೇ ವರ್ಷದ ಪಿಜಿಗೆ ಫೋನ್ ಮಾಡಿ, ನೇರವಾಗಿ ಕೇಳಿ. ಆ್ಯಂಕಲ್ ಫ್ರ್ಯಾಕ್ಚರ್‌ಗಳನ್ನು ಯಾರು ಮಾಡುತ್ತಾರೆ, ನೀನೋ, ನಿನ್ನ ಸೀನಿಯರ್ರೋ? ಪ್ಲಾಸ್ಟರ್ ಹಾಕುವುದು ಪಿಜಿಗಳಾ, ಬರೀ ಟೆಕ್ನಿಷಿಯನ್ನಾ? ಕ್ಲಬ್‌ಫುಟ್ (ಹುಟ್ಟಿನಿಂದಲೇ ಸೊಟ್ಟಗಿರುವ ಪಾದ) ಕ್ಲಿನಿಕ್ ವಾರಕ್ಕೊಮ್ಮೆ ನಡೆಯುತ್ತದಾ? ಸಕ್ಕರೆ ಕಾಯಿಲೆಯ ಪಾದ ಆರ್ಥೋಗೆ ಬರುತ್ತದಾ ಅಥವಾ ಜನರಲ್ ಸರ್ಜರಿಗೆ ಹೋಗುತ್ತದಾ? ಎಷ್ಟೋ ಕಡೆ ಅದು ಸರ್ಜರಿಯವರ ಪಾಲು. ಹಾಗಿದ್ದರೆ ಅವರ ವಾರ್ಡಿಗೆ ನೀವೇ ಹೋಗಿ ಕಲಿಯಬೇಕಾಗುತ್ತದೆ.

ಆ ಮೂರು ವರ್ಷ

ನಾನು ಪಿಜಿ ಎರಡನೇ ವರ್ಷದಲ್ಲಿದ್ದಾಗ ಒಂದು ರಾತ್ರಿ ಬೈಕಿನಿಂದ ಬಿದ್ದ ಹುಡುಗನೊಬ್ಬ ಬಂದ. ಪೇಂಟಿಂಗ್ ಕೆಲಸದವನು. ಪಾದದ ನಡುಭಾಗ ಊದಿತ್ತು, ಅಂಗಾಲಿನಲ್ಲಿ ನೀಲಿ ಕಲೆ. ಮಲಗಿಸಿ ತೆಗೆದ ಎಕ್ಸ್‌ರೇಯಲ್ಲಿ ನನಗೇನೂ ಕಾಣಲಿಲ್ಲ. ಉಳುಕು ಅಂತ ಕ್ರೇಪ್ ಬ್ಯಾಂಡೇಜ್ ಸುತ್ತಿ ಕಳಿಸಿದೆ. ಎರಡು ತಿಂಗಳ ಮೇಲೆ ಅವನು ಬಂದಾಗ ಪಾದದ ಕಮಾನು ಕುಸಿದಿತ್ತು, ಏಣಿ ಹತ್ತಲು ಆಗುತ್ತಿರಲಿಲ್ಲ. ಅದು ಲಿಸ್‌ಫ್ರಾಂಕ್ ಗಾಯ. ನೆಪೋಲಿಯನ್ ಕಾಲದ ಫ್ರೆಂಚ್ ಸರ್ಜನ್ ಜಾಕ್ ಲಿಸ್‌ಫ್ರಾಂಕ್ ಹೆಸರಿನ ಕೀಲು, ಪಾದದ ನಡುವೆ ಇದೆ. ಅಂಗಾಲಿನ ನೀಲಿ ಕಲೆಯೇ ಅದರ ಗುರುತು ಅಂತ ನಾನು ಓದಿದ್ದೆ, ನೋಡಿಯೂ ಇದ್ದೆ, ಆದರೂ ಜೋಡಿಸಿಕೊಳ್ಳಲಿಲ್ಲ. ನಿಲ್ಲಲು ಆಗುವವರನ್ನು ನಿಲ್ಲಿಸಿ, ಮೈ ಭಾರ ಹಾಕಿಸಿ, ಇನ್ನೊಂದು ಕಾಲಿನ ಜೊತೆ ಹೋಲಿಸುವ ಎಕ್ಸ್‌ರೇ ತೆಗೆಸಬೇಕು. ನಿಲ್ಲಲು ಆಗದಿದ್ದರೆ ಸಿಟಿ ಸ್ಕ್ಯಾನ್ ಮಾಡಿಸಬೇಕು, ಇಲ್ಲವೇ ಒಂದೆರಡು ವಾರ ಬಿಟ್ಟು ಮತ್ತೆ ಕರೆಸಬೇಕು. ನಾನು ಈ ಕೆಲಸಕ್ಕೆ ಬಂದಿದ್ದೇ ಆ ಹುಡುಗನಿಂದ. ನಿಮಗೆ ಇಂಥದ್ದು ಆಗದೇ ಇರಲಿ ಅಂತಲೇ ಇಷ್ಟು ಬರೆಯುತ್ತಿದ್ದೇನೆ.

ಪಿಜಿಯಲ್ಲಿ ಮೊದಲು ಕಲಿಯಬೇಕಾದ್ದು ಪ್ಲಾಸ್ಟರ್. ಹೌದು, ಪ್ಲಾಸ್ಟರ್. ಹುಟ್ಟುವಾಗಲೇ ಪಾದ ಒಳಕ್ಕೆ ತಿರುಗಿರುವ ಮಕ್ಕಳನ್ನು ದೊಡ್ಡ ಆಪರೇಷನ್ ಇಲ್ಲದೆ ಸರಿಮಾಡುವ ವಿಧಾನವನ್ನು ಅಮೆರಿಕದ ಅಯೋವಾದಲ್ಲಿ ಇಗ್ನಾಸಿಯೊ ಪೊನ್ಸೆಟಿ ರೂಪಿಸಿದರು. ವಾರಕ್ಕೊಂದು ಪ್ಲಾಸ್ಟರ್, ಸಾಮಾನ್ಯವಾಗಿ ಐದಾರು ವಾರ. ಆಮೇಲೆ ಹೆಚ್ಚಿನ ಮಕ್ಕಳಿಗೆ ಹಿಮ್ಮಡಿಯ ಹಿಂದೆ ನರದಂತೆ ಕಾಣುವ ದಪ್ಪ ಅಕಿಲಿಸ್ ಕಂಡರವನ್ನು (ಸ್ನಾಯುವನ್ನು ಮೂಳೆಗೆ ಕಟ್ಟುವ ಪಟ್ಟಿ) ಸಣ್ಣ ತೂತಿನಲ್ಲೇ ಕತ್ತರಿಸುತ್ತೇವೆ, ಮೂರು ವಾರ ಕೊನೆಯ ಪ್ಲಾಸ್ಟರ್. ನಂತರ ಕಬ್ಬಿಣದ ಪಟ್ಟಿ ಇರುವ ಬೂಟು, ಮೊದಲ ಮೂರು ತಿಂಗಳು ದಿನಕ್ಕೆ 23 ಗಂಟೆ, ಆಮೇಲೆ ಮಲಗುವಾಗ ಮಾತ್ರ, ಸುಮಾರು ನಾಲ್ಕು ವರ್ಷ ವಯಸ್ಸಿನ ತನಕ. ಪ್ಲಾಸ್ಟರ್ ಹಾಕುವುದು ನಿಮ್ಮ ಕೈ. ಬೂಟು ಹಾಕಿಸುವುದು ತಾಯಿಯ ಕೈ. ಆ ತಾಯಿಗೆ ಮನೆಯಲ್ಲಿ ಗ್ರಹಣದ ದಿನ ಹೊರಗೆ ಬಂದೆ, ಅದಕ್ಕೇ ಮಗುವಿಗೆ ಹೀಗಾಯ್ತು ಅಂತ ಹೇಳಿರುತ್ತಾರೆ. ಅದು ಸುಳ್ಳು ಅಂತ ಅತ್ತೆ, ಗಂಡ ಇಬ್ಬರನ್ನೂ ಒಳಗೆ ಕರೆದು ಅವರ ಎದುರೇ ಹೇಳಿ. ಇಲ್ಲದಿದ್ದರೆ ಮೂರನೇ ಪ್ಲಾಸ್ಟರಿಗೆ ಮಗು ಬರುವುದಿಲ್ಲ.

ಎರಡನೆಯದು ಕಾಯುವುದು. ಪಾದದ ಚರ್ಮದ ಕೆಳಗೆ ಮಾಂಸ ಕಮ್ಮಿ. ಊತ ಇಳಿಯುವ ಮೊದಲು ಚರ್ಮ ಕುಯ್ದರೆ ಹೊಲಿಗೆ ಬಿಟ್ಟುಕೊಳ್ಳುತ್ತದೆ, ಪ್ಲೇಟು ಹೊರಗೆ ಕಾಣುತ್ತದೆ. ಚರ್ಮದಲ್ಲಿ ಸುಕ್ಕು ಕಾಣುವ ತನಕ ಕಾಯಿರಿ. ಕೆಲವೊಮ್ಮೆ ಎರಡು ವಾರವೂ ಆಗುತ್ತದೆ. ಅಷ್ಟರಲ್ಲಿ ಬೇಕಾದರೆ ಹೊರಗಿನ ಕಂಬಿ ಹಾಕಿ ಹಿಡಿದಿಡಿ, ಸಿಟಿ ಸ್ಕ್ಯಾನ್ ಮಾಡಿಸಿ, ಪ್ಲಾನ್ ಬರೆದುಕೊಳ್ಳಿ. ಸಂಬಂಧಿಕರು ಯಾವಾಗ ಆಪರೇಷನ್ ಅಂತ ದಿನಾ ಕೇಳುತ್ತಾರೆ. ದಿನಾ ಊತ ತೋರಿಸಿಯೇ ಉತ್ತರ ಕೊಡಿ.

ಹಿಮ್ಮಡಿ ಮೂಳೆ ಒಡೆದುಕೊಂಡು ಬರುವವರು ನಮ್ಮಲ್ಲಿ ಎರಡು ಥರ. ಬೆಂಗಳೂರಿನಲ್ಲಿ ಕಟ್ಟಡದ ಸಾರುವೆಯಿಂದ ಬಿದ್ದವರು, ಮಲೆನಾಡಿನಲ್ಲಿ ಅಡಿಕೆ ಮರದಿಂದ ಬಿದ್ದವರು. ಎತ್ತರದಿಂದ ಕಾಲೂರಿ ಬಿದ್ದವರ ಬೆನ್ನುಮೂಳೆಯನ್ನೂ ನೋಡದೆ ಬಿಡಬೇಡಿ, ಇನ್ನೊಂದು ಹಿಮ್ಮಡಿಯನ್ನೂ ನೋಡಿ. ಹಿಮ್ಮಡಿ ಮೂಳೆಯ ಆಪರೇಷನ್ ಎಲ್ಲರಿಗೂ ಬೇಕಾಗುವುದಿಲ್ಲ. ಬೀಡಿ ಸೇದುವವರಲ್ಲಿ, ಸಕ್ಕರೆ ಹತೋಟಿಯಲ್ಲಿ ಇಲ್ಲದವರಲ್ಲಿ ಗಾಯ ಮಾಯದೆ ಕಾಡುತ್ತದೆ. ಯಾರಿಗೆ ಮಾಡಬಾರದು ಅನ್ನುವುದನ್ನು ಒಳ್ಳೆಯ ಗುರುಗಳ ಹತ್ತಿರ ಕಲಿಯಿರಿ.

ಕ್ಯಾಶುವಲ್ಟಿಯಲ್ಲಿ ಇನ್ನೆರಡು ವಿಷಯ. ಪಾದಕ್ಕೆ ಪೆಟ್ಟಾದ ಹೆಂಗಸಿನ ಕಾಲುಂಗುರವನ್ನು ಊತ ಏರುವ ಮೊದಲೇ ತೆಗೆಸಿ. ತೆಗೆಯಲ್ಲ ಅಂತಾರೆ. ಗಂಡ ಪಕ್ಕದಲ್ಲಿದ್ದರೆ ಅವನ ಕೈಗೇ ಕೊಟ್ಟು, ವಾಸಿಯಾದ ಮೇಲೆ ಹಾಕಿಕೊಳ್ಳಿ ಅನ್ನಿ, ಒಪ್ಪುತ್ತಾರೆ. ತಡ ಮಾಡಿದರೆ ಬೆರಳಿಗೆ ರಕ್ತ ನಿಂತು ಕಟರ್ ಹುಡುಕಬೇಕಾಗುತ್ತದೆ. ಇನ್ನೊಂದು, ಬೈಕಿನ ಹಿಂದೆ ಕೂತ ಮಗುವಿನ ಕಾಲು ಚಕ್ರದ ಕಡ್ಡಿಗೆ ಸಿಕ್ಕಿದ್ದು. ಹೊರಗೆ ಸಣ್ಣ ತರಚು ಕಾಣುತ್ತದೆ, ಎರಡು ದಿನದಲ್ಲಿ ಹಿಮ್ಮಡಿ ಚರ್ಮ ಕಪ್ಪಗಾಗಬಹುದು. ಹೊಲಿದು ಕಳಿಸಿ ಮರೆಯಬೇಡಿ, ಮತ್ತೆ ಕರೆಸಿ ನೋಡಿ.

ಪರೀಕ್ಷೆ ಮಾಡುವುದನ್ನೂ ಅಭ್ಯಾಸ ಮಾಡಿಕೊಳ್ಳಿ. ನೋವು ಎಲ್ಲಿ ಅಂದರೆ ಒಬ್ಬರು ಹರಡು ಅಂತಾರೆ, ಇನ್ನೊಬ್ಬರು ಗಿಣ್ಣು, ಮತ್ತೊಬ್ಬರು ಕಣಕಾಲು. ಮಾತಿಗೆ ಕಾಯಬೇಡಿ, ಒಂದೇ ಬೆರಳಲ್ಲಿ ಮುಟ್ಟಿ ತೋರಿಸಿ ಅನ್ನಿ. ಹಿಂದೆ ನಿಂತು ನೋಡಿ, ಒಂದು ಕಾಲಿನ ಹೊರಗಡೆ ಬೆರಳುಗಳು ಜಾಸ್ತಿ ಕಾಣುತ್ತಿದ್ದರೆ ಆ ಪಾದ ಚಪ್ಪಟೆಯಾಗುತ್ತಿದೆ. ಒಂಟಿ ಕಾಲಲ್ಲಿ ತುದಿಬೆರಳ ಮೇಲೆ ನಿಲ್ಲಿಸಿ. ಬೋರಲು ಮಲಗಿಸಿ ಮೀನಖಂಡ ಹಿಸುಕಿ, ಪಾದ ಅಲುಗದಿದ್ದರೆ ಅಕಿಲಿಸ್ ಕಂಡರ ಹರಿದಿದೆ. ಇಷ್ಟಕ್ಕೆ ಒಂದು ಪೈಸೆ ಖರ್ಚಿಲ್ಲ. ಹಳೇ ಚಪ್ಪಲಿಯ ತಳ ತಿರುಗಿಸಿ ನೋಡಿ, ಎಲ್ಲಿ ಸವೆದಿದೆ ಅಂತ. ಅದೂ ಒಂದು ರಿಪೋರ್ಟೇ ಅಲ್ವಾ.

ಥೀಸಿಸ್ ಹೇಗೂ ಬರೆಯಲೇಬೇಕು, ಪಾದದ ಮೇಲೆಯೇ ಬರೆಯಿರಿ. ಜಿಲ್ಲಾ ಆಸ್ಪತ್ರೆಯಲ್ಲಿ ಮೂರು ತಿಂಗಳ ಪೋಸ್ಟಿಂಗ್ ಬರುತ್ತದೆ, ಅದನ್ನು ರಜೆ ಅಂದುಕೊಳ್ಳಬೇಡಿ. ನಾಟಿ ಕಟ್ಟು ಕಟ್ಟಿಸಿಕೊಂಡು ಸೊಟ್ಟಗೆ ಕೂಡಿದ ಆ್ಯಂಕಲ್‌ಗಳನ್ನು ನೀವು ನೋಡುವುದು ಅಲ್ಲೇ.

ಎಂಎಸ್ ಆದ ಮೇಲೆ

ಮೊದಲು ಒಂದು ವರ್ಷ ಸೀನಿಯರ್ ರೆಸಿಡೆಂಟ್ ಆಗಿ. ಮುಂದೆ ಕಾಲೇಜಿನಲ್ಲಿ ಪಾಠ ಮಾಡುವ ಆಸೆ ಇದ್ದರೆ ಸಾಮಾನ್ಯವಾಗಿ ಅದು ಬೇಕು. ಇಲ್ಲದಿದ್ದರೂ ಸ್ವತಂತ್ರವಾಗಿ ಕೈ ಪಳಗಲು ಆ ವರ್ಷ ಬೇಕು. ಆಮೇಲೆ ಫೆಲೋಶಿಪ್, ಅಂದರೆ ಒಂದೇ ಭಾಗದ ಮೇಲೆ ವಿಶೇಷ ತರಬೇತಿ. ಬೆನ್ನುಮೂಳೆಗೆ, ಕೀಲು ಬದಲಾವಣೆಗೆ ಇರುವಷ್ಟು ಫೆಲೋಶಿಪ್ ಸೀಟುಗಳು ಪಾದಕ್ಕೆ ಇಲ್ಲ. ಹಾಗಾಗಿ ತುಂಡು ತುಂಡಾಗಿ ಜೋಡಿಸಿಕೊಳ್ಳಬೇಕು. ಇಂಡಿಯನ್ ಫುಟ್ ಆ್ಯಂಡ್ ಆ್ಯಂಕಲ್ ಸೊಸೈಟಿಯ ಸದಸ್ಯರಾಗಿ, ಅವರ ಸಮ್ಮೇಳನ ಮತ್ತು ಕೆಡಾವರ್ (ದಾನ ಬಂದ ಶವದ ಮೇಲೆ ಕಲಿಯುವ) ಕಾರ್ಯಾಗಾರಗಳಿಗೆ ಹೋಗಿ. ಅಲ್ಲಿ ಪರಿಚಯವಾದ ಹಿರಿಯರ ಹತ್ತಿರ ಒಂದು ತಿಂಗಳು, ಮೂರು ತಿಂಗಳು ನಿಂತು ನೋಡುತ್ತೇನೆ ಅಂತ ಕೇಳಿ. ಕೇಳಿದರೆ ಹೆಚ್ಚಿನವರು ಬೇಡ ಅನ್ನುವುದಿಲ್ಲ. ನೋಡಿಕೊಂಡು ಬಂದ ಪ್ರತಿ ಆಪರೇಷನ್ನನ್ನು ಅದೇ ರಾತ್ರಿ ಚಿತ್ರ ಬಿಡಿಸಿ ಬರೆದಿಡಿ.

ವಿದೇಶಕ್ಕೆ ಹೋಗುವವರಿಗೆ ಬ್ರಿಟನ್ನಿನ ದಾರಿ ಸ್ವಲ್ಪ ಸುಲಭ. ಅಲ್ಲಿ ಪಾದದ ಸರ್ಜನ್ನರದೇ ಸಂಘ ಇದೆ, ಫೆಲೋಶಿಪ್‌ಗಳಿವೆ. ಜಿಎಂಸಿ (ಅಲ್ಲಿನ ವೈದ್ಯಕೀಯ ಮಂಡಳಿ) ನೋಂದಣಿ, ಇಂಗ್ಲಿಷ್ ಪರೀಕ್ಷೆ ಮುಗಿಸಬೇಕು. ಎಂಟಿಐ ಅನ್ನುವ, ಹೊರದೇಶದ ಡಾಕ್ಟರುಗಳ ತರಬೇತಿ ಯೋಜನೆಯಲ್ಲಿ ಹೆಚ್ಚೆಂದರೆ ಎರಡು ವರ್ಷ ಇದ್ದು ಕಲಿತು ವಾಪಸ್ ಬರಬಹುದು. ಅಮೆರಿಕದಲ್ಲಿ ಆರ್ಥೋ ರೆಸಿಡೆನ್ಸಿ ಐದು ವರ್ಷ, ಫೆಲೋಶಿಪ್ ಒಂದು ವರ್ಷ. ಹೊರದೇಶದಲ್ಲಿ ಓದಿದವರಿಗೆ ಆ ರೆಸಿಡೆನ್ಸಿ ಸಿಗುವುದು ತೀರಾ ಕಷ್ಟ. ಅಲ್ಲೇ ಬೆಳೆದ ನಮ್ಮವರ ಮಕ್ಕಳು ಪೊಡಿಯಾಟ್ರಿ ಬಗ್ಗೆ ಕೇಳುವುದುಂಟು. ಅದು ಅಲ್ಲಿ ಪಾದಕ್ಕೇ ಇರುವ ಬೇರೆ ಓದು, ಡಿಪಿಎಂ ಅನ್ನುವ ಡಿಗ್ರಿ ನಾಲ್ಕು ವರ್ಷ, ರೆಸಿಡೆನ್ಸಿ ಮೂರು ವರ್ಷ. ಅವರೂ ಪಾದದ ಆಪರೇಷನ್ ಮಾಡುತ್ತಾರೆ, ಆದರೆ ಅದು ಎಂಡಿ (ಅಲ್ಲಿ ಅದು ನಮ್ಮ ಎಂಬಿಬಿಎಸ್ ಥರದ ಡಿಗ್ರಿ) ದಾರಿ ಅಲ್ಲ.

ವಯಸ್ಸಿನ ಲೆಕ್ಕ ಹೇಳಿಬಿಡುತ್ತೇನೆ, ಮನೆಯವರು ಕೇಳುತ್ತಾರೆ. 18ಕ್ಕೆ ಪಿಯುಸಿ ಮುಗಿದು, ಎಲ್ಲವೂ ಮೊದಲ ಸಲಕ್ಕೇ ಆದರೂ 27 ದಾಟುವಾಗ ಎಂಎಸ್. ಸೀನಿಯರ್ ರೆಸಿಡೆನ್ಸಿ, ಫೆಲೋಶಿಪ್ ಸೇರಿ 30. ಒಂದೆರಡು ಸಲ ನೀಟ್ ಪಿಜಿ ಬರೆದರೆ 32. ಅಲ್ಲಿಯ ತನಕ ಸ್ನೇಹಿತರು ಮನೆ ಕಟ್ಟಿರುತ್ತಾರೆ. ಇದನ್ನು ಮೊದಲೇ ತಿಳಿದುಕೊಂಡು ಬನ್ನಿ.

ಸಕ್ಕರೆ ಕಾಯಿಲೆಯ ಪಾದವನ್ನು ಬಿಡಬೇಡಿ

ಹೊಸಬರು ಆರ್ತ್ರೋಸ್ಕೋಪಿ (ಸಣ್ಣ ತೂತಿನಿಂದ ಕೀಲಿನೊಳಗೆ ಕ್ಯಾಮೆರಾ ಹಾಕಿ ಮಾಡುವ ಆಪರೇಷನ್), ಆ್ಯಂಕಲ್ ಬದಲಾವಣೆ ಅಂತ ಓಡುತ್ತಾರೆ. ಕಲಿಯಿರಿ, ಬೇಡ ಅನ್ನುವುದಿಲ್ಲ. ಆದರೆ ನಿಮ್ಮ ಊರಿನಲ್ಲಿ ಕಾಲು ಕಳೆದುಕೊಳ್ಳುತ್ತಿರುವವರು ಸಕ್ಕರೆ ಕಾಯಿಲೆಯವರು. ಸ್ಪರ್ಶ ಹೋದ ಪಾದವನ್ನು ಹೇಗೆ ಕಾಪಾಡಬೇಕು ಅನ್ನುವ ಪಾಠ ನಮ್ಮ ಪಕ್ಕದ ವೆಲ್ಲೂರಿನಲ್ಲೇ ಬೆಳೆಯಿತು. 1940ರ ದಶಕದಲ್ಲಿ ಅಲ್ಲಿಗೆ ಬಂದ ಬ್ರಿಟಿಷ್ ಸರ್ಜನ್ ಪಾಲ್ ಬ್ರ್ಯಾಂಡ್ ಕುಷ್ಠರೋಗಿಗಳ ಕೈಕಾಲು ನೋಡುತ್ತಾ, ನೋವು ಗೊತ್ತಾಗದೇ ಇರುವುದೇ ಗಾಯಗಳಿಗೆ ಕಾರಣ ಅಂತ ತೋರಿಸಿಕೊಟ್ಟರು. ಇವತ್ತು ನಾವು ಬರೆದುಕೊಡುವ ಎಂಸಿಆರ್ (ಮೆತ್ತನೆಯ ಮೈಕ್ರೋಸೆಲ್ಯುಲಾರ್ ರಬ್ಬರಿನ) ಚಪ್ಪಲಿ ಕುಷ್ಠರೋಗಿಗಳಿಗೂ ಸಕ್ಕರೆ ಕಾಯಿಲೆಯವರಿಗೂ ಒಂದೇ.

10 ಗ್ರಾಂ ಮಾನೋಫಿಲಮೆಂಟ್ (ಸ್ಪರ್ಶ ಪರೀಕ್ಷಿಸುವ ನೈಲಾನ್ ಎಳೆ) ಒಂದನ್ನು ಜೇಬಿನಲ್ಲೇ ಇಟ್ಟುಕೊಳ್ಳಿ. ರೋಗಿ ಕಣ್ಣು ಮುಚ್ಚಿರಲಿ, ಎಳೆ ಬಾಗುವಷ್ಟು ಒತ್ತಿ, ಗೊತ್ತಾಯ್ತಾ ಕೇಳಿ. ಗೊತ್ತಾಗಲಿಲ್ಲ ಅಂದರೆ ಅವತ್ತೇ ಮನೆಯವರನ್ನು ಕೂರಿಸಿ ಹೇಳಿ: ಬರಿಗಾಲು ಬೇಡ, ಬಿಸಿನೀರಿಗೆ ಕಾಲಿಡುವ ಮೊದಲು ಬೇರೆಯವರು ಕೈ ಹಾಕಿ ನೋಡಲಿ, ರಾತ್ರಿ ಅಂಗಾಲು ನೋಡಿಕೊಳ್ಳಲಿ. ಬೇಸಿಗೆಯ ಮಧ್ಯಾಹ್ನ ದೇವಸ್ಥಾನದ ಕಲ್ಲಿನ ಮೇಲೆ ಪ್ರದಕ್ಷಿಣೆ ಹಾಕಿ ಅಂಗಾಲು ಸುಟ್ಟುಕೊಂಡು, ಮರುದಿನ ಬೊಬ್ಬೆ ನೋಡಿ ಬರುವವರು ಇದ್ದಾರೆ. ಶಿವರಾತ್ರಿಗೆ ಧರ್ಮಸ್ಥಳಕ್ಕೆ ಪಾದಯಾತ್ರೆ ಹೊರಡುವವರೂ ಅಷ್ಟೇ. ಹೋಗಬೇಡಿ ಅಂದರೆ ಕೇಳುವುದಿಲ್ಲ. ಬೆಳಗ್ಗೆ ಬೇಗ ಹೋಗಿ, ದಪ್ಪ ಸಾಕ್ಸ್ ಹಾಕಿಕೊಳ್ಳಿ ಅಂದರೆ ಕೇಳುತ್ತಾರೆ.

ಇನ್ನೊಂದು ಮುಖ್ಯ ವಿಷಯ. ಗಾಯವೇ ಇಲ್ಲದೆ ಪಾದ ಕೆಂಪಗೆ ಬಿಸಿಯಾಗಿ ಊದಿದ್ದರೆ, ಸಕ್ಕರೆ ಕಾಯಿಲೆ ಹಳೆಯದಾಗಿದ್ದರೆ, ಶಾರ್ಕೋ ಪಾದ ಇರಬಹುದು ಅಂತ ಯೋಚಿಸಿ. ಸೋಂಕು ಅಂತ ಆ್ಯಂಟಿಬಯೋಟಿಕ್ ಕೊಟ್ಟು ನಡೆದಾಡಲು ಬಿಟ್ಟರೆ ಮೂಳೆಗಳು ಪುಡಿಯಾಗಿ ಪಾದ ತೊಟ್ಟಿಲಿನ ತಳದ ಹಾಗೆ ಆಗುತ್ತದೆ. ಪಾದಕ್ಕೆ ಸರಿಯಾಗಿ ಕೂರುವ ಟೋಟಲ್ ಕಾಂಟ್ಯಾಕ್ಟ್ ಪ್ಲಾಸ್ಟರ್ ಹಾಕಿ, ಭಾರ ತೆಗೆಸಬೇಕು. ಮೇಲೆ ಹೇಳಿದ ಪ್ಲಾಸ್ಟರ್ ವಿದ್ಯೆ ಇಲ್ಲಿ ಮತ್ತೆ ಕೈ ಹಿಡಿಯುತ್ತದೆ.

ಕೆಲವರ ಕಾಲು ಉಳಿಯುವುದಿಲ್ಲ. ಆಗ ಸರಿಯಾದ ಮಟ್ಟದಲ್ಲಿ ತೆಗೆದು, ಒಳ್ಳೆಯ ಮೊಂಡು ಮಾಡಿಕೊಟ್ಟು, ಮತ್ತೆ ನಡೆಸುವುದೂ ನಿಮ್ಮದೇ ಕೆಲಸ. 1968ರಲ್ಲಿ ಜೈಪುರದಲ್ಲಿ ಡಾ. ಪಿ.ಕೆ. ಸೇಠಿ ಮತ್ತು ಕುಶಲಕರ್ಮಿ ರಾಮಚಂದ್ರ ಶರ್ಮ ಸೇರಿ ಮಾಡಿದ ಜೈಪುರ ಕಾಲನ್ನು ಹಾಕಿಕೊಂಡು ಕುಕ್ಕರುಗಾಲಲ್ಲಿ ಕೂರಬಹುದು, ಬರಿಗಾಲಲ್ಲಿ ಓಡಾಡಬಹುದು, ಗದ್ದೆಗೂ ಇಳಿಯಬಹುದು. ನಮ್ಮ ಜನ ಹೇಗೆ ಬದುಕುತ್ತಾರೆ ಅಂತ ನೋಡಿ ಮಾಡಿದ್ದು ಅದು. ನೀವು ಆ್ಯಂಕಲ್ ಕೀಲನ್ನು ಗಟ್ಟಿ ಕೂಡಿಸುವ ಆಪರೇಷನ್ ಮಾಡುವ ಮೊದಲೂ ಇದೇ ಪ್ರಶ್ನೆ ಕೇಳಿ. ಮನೆಯಲ್ಲಿ ಯಾವ ಥರದ ಶೌಚಾಲಯ, ಊಟಕ್ಕೆ ನೆಲದ ಮೇಲೆ ಕೂರುತ್ತೀರಾ, ನಾಟಿ ಕೆಲಸಕ್ಕೆ ಹೋಗುತ್ತೀರಾ.

ಕೆಲಸಕ್ಕೆ ಕೂತ ಮೇಲೆ

ಮೊದಲ ಕೆಲವು ವರ್ಷ ಬರೀ ಪಾದ ನೋಡಿ ಜೀವನ ನಡೆಯುವುದು ಕಷ್ಟ, ಬೆಂಗಳೂರಿನಲ್ಲೂ ಕಷ್ಟ. ಎಲ್ಲಾ ಫ್ರ್ಯಾಕ್ಚರ್ ಮಾಡಿ, ವಾರಕ್ಕೆ ಒಂದು ಮಧ್ಯಾಹ್ನ ಪಾದದ ಒಪಿಡಿ ಅಂತ ಬೋರ್ಡು ಹಾಕಿ. ಜಿಲ್ಲಾ ಊರುಗಳಲ್ಲಿ ಇದನ್ನು ಮಾಡುವವರು ಕಮ್ಮಿ ಇದ್ದಾರೆ, ನಿಜವಾಗಿ ಅಲ್ಲೇ ಹೆಚ್ಚು ಬೇಕಾಗಿದ್ದಾರೆ. ಊರಿನ ಸಕ್ಕರೆ ಡಾಕ್ಟರು, ರಕ್ತನಾಳದ ಸರ್ಜನ್, ಪ್ಲಾಸ್ಟಿಕ್ ಸರ್ಜನ್ ಮೂವರ ಸ್ನೇಹ ಮಾಡಿಕೊಳ್ಳಿ. ಅವರಷ್ಟೇ ಮುಖ್ಯ ಒಬ್ಬ ಒಳ್ಳೆಯ ಚಪ್ಪಲಿ ಹೊಲಿಯುವವರು. ನೀವು ಚೀಟಿಯಲ್ಲಿ ಬರೆದ ಅಳತೆಯನ್ನು ರಬ್ಬರಿನಲ್ಲಿ ಕತ್ತರಿಸುವವರು ಅವರೇ. ಅವರ ಅಂಗಡಿಗೆ ಹೋಗಿ ಕೂತು ಮಾತಾಡಿ, ಕರೆಸಿಕೊಳ್ಳಬೇಡಿ.

ಹಿಮ್ಮಡಿ ನೋವಿನವರು ದಿನಾ ಬರುತ್ತಾರೆ, ಬೆಳಗ್ಗೆ ಎದ್ದು ಮೊದಲ ಹೆಜ್ಜೆಗೆ ಚುಚ್ಚುತ್ತದೆ ಅಂತ. ಹೆಚ್ಚಿನವರಿಗೆ ಆಪರೇಷನ್ ಬೇಡ. ಅಂಗಾಲು ಮತ್ತು ಮೀನಖಂಡ ಎಳೆಯುವ ವ್ಯಾಯಾಮವನ್ನು ನೀವೇ ಮಾಡಿ ತೋರಿಸಿ, ತಿಂಗಳುಗಟ್ಟಲೆ ಮಾಡಬೇಕು ಅಂತ ಹೇಳಿ. ಎಕ್ಸ್‌ರೇಯಲ್ಲಿ ಕಾಣುವ ಮೂಳೆಯ ಮುಳ್ಳನ್ನು ತೋರಿಸಿ ಹೆದರಿಸಬೇಡಿ, ನೋವಿಲ್ಲದವರಲ್ಲೂ ಆ ಮುಳ್ಳು ಇರುತ್ತದೆ.

ಒಪಿಡಿ ಕೋಣೆಗೆ ಜಾಸ್ತಿ ಸಾಮಾನು ಬೇಡ. ರೋಗಿಗೆ ಎತ್ತರದ ಬೆಂಚು, ನಿಮಗೆ ತಗ್ಗಿನ ಸ್ಟೂಲು, ನಡೆಸಿ ನೋಡಲು ನಾಲ್ಕು ಮಾರು ಉದ್ದದ ಖಾಲಿ ಜಾಗ, ಒಳ್ಳೆಯ ದೀಪ, ಕೈ ತೊಳೆಯಲು ನಲ್ಲಿ. ವಯಸ್ಸಾದವರು ಕಾಲು ಹಿಂದಕ್ಕೆ ಎಳೆದುಕೊಳ್ಳುತ್ತಾರೆ, ಅಯ್ಯೋ ಬೇಡಿ ಡಾಕ್ಟ್ರೇ, ನೀವು ಕಾಲು ಮುಟ್ಟಬಾರದು ಅಂತ. ನಾನು ತೊಡೆಯ ಮೇಲೆ ಒಗೆದ ಟವೆಲ್ ಹಾಸಿಕೊಂಡು, "ಅಜ್ಜಿ, ಕಾಲು ಇಲ್ಲಿಡಿ, ನನಗೆ ನೋಡಬೇಕು" ಅನ್ನುತ್ತೇನೆ. ಒಂದು ನಿಮಿಷ ಸುಮ್ನೆ ಕಾಯುತ್ತೇನೆ. ಇಡುತ್ತಾರೆ. ದಿನಕ್ಕೆ ಇಪ್ಪತ್ತು ಟವೆಲ್ ಬೇಕಾಗುತ್ತವೆ, ಒಬ್ಬರಿಗೆ ಹಾಸಿದ್ದನ್ನು ಇನ್ನೊಬ್ಬರಿಗೆ ಹಾಸಬೇಡಿ.